ಗೋವಾ ಕದಂಬರು: ವೀರಗಲ್ಲಿನ ಆಚೆಗಿನ ಬದುಕು

ಹುಬ್ಬಳ್ಳಿ, ಬೆಳಗಾವಿಯಿಂದ ಗೋವಾಕ್ಕೆ ಹೋಗುವವರು ಪಣಜಿಯ ಕದಂಬ ಬಸ್ ನಿಲ್ದಾಣದಲ್ಲಿ ಇಳಿಯುತ್ತಾರೆ. ಆ ಹೆಸರು ಕನ್ನಡ ನೆಲದ ರಾಜಮನೆತನದ್ದು ಎಂಬುದು ಹಲವರಿಗೆ ಗೊತ್ತು. ಆದರೆ ಆ ಮನೆತನದ ಕಾಲದಲ್ಲಿ ಗೋವಾದ ಜನ ಹೇಗೆ ಬದುಕಿದರು ಎಂದು ಕೇಳಿದರೆ ಸಿಗುವ ಉತ್ತರಗಳಲ್ಲಿ ತಪ್ಪು ಕಲ್ಪನೆಗಳೇ ಹೆಚ್ಚು. ಅವನ್ನು ಒಂದೊಂದಾಗಿ ತಿದ್ದಿಕೊಳ್ಳೋಣ.

ತಪ್ಪು ಕಲ್ಪನೆ: ಗೋವಾದ ಇತಿಹಾಸ ಶುರುವಾಗುವುದೇ ಪೋರ್ಚುಗೀಸರಿಂದ.

ಸತ್ಯ: 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಕಿತ್ತುಕೊಂಡದ್ದು ಬಿಜಾಪುರದ ಆದಿಲ್‌ಶಾಹಿಗಳಿಂದ. ಅದಕ್ಕೂ ಶತಮಾನಗಳ ಹಿಂದೆ ಇಲ್ಲಿ ಕದಂಬರ ಆಳ್ವಿಕೆ ನಡೆದಿತ್ತು. ಅವರ ಮೊದಲ ರಾಜಧಾನಿ ಚಂದ್ರಪುರ, ಇಂದಿನ ಚಾಂದೋರ್. 11ನೆಯ ಶತಮಾನದಲ್ಲಿ ಒಂದನೆಯ ಜಯಕೇಶಿ ಜುವಾರಿ ನದಿಯ ದಡದ ಗೋಪಕಪಟ್ಟಣಕ್ಕೆ ರಾಜಧಾನಿಯನ್ನು ಸಾಗಿಸಿದ. ಆ ಕಾಲದಲ್ಲಿ ‘ಕೊಂಕಣ 900’, ‘ಪಲಸಿಗೆ 12000’ ಎಂದು ಸಂಖ್ಯೆ ಸೇರಿಸಿ ಕರೆಯುತ್ತಿದ್ದ ನಾಡುಗಳು ಇವರವು. ಆ ಪಲಸಿಗೆಯೇ ಇಂದಿನ ಖಾನಾಪುರ ತಾಲ್ಲೂಕಿನ ಹಲಸಿ. ಘಟ್ಟದ ಮೇಲೂ ಕೆಳಗೂ ಒಂದೇ ಆಳ್ವಿಕೆಯಿತ್ತು. ಸಂಸ್ಕೃತದ ಜೊತೆಗೆ ಕನ್ನಡದಲ್ಲೂ ಶಾಸನಗಳು ಹೊರಟವು.

ತಪ್ಪು ಕಲ್ಪನೆ: ಅದು ಸ್ಪಾರ್ಟಾದಂಥ ಯೋಧರ ನಾಡು, ಯುದ್ಧವೇ ಜನಜೀವನ.

ಸತ್ಯ: ಈ ಭಾವನೆಗೆ ಕಾರಣ ವೀರಗಲ್ಲುಗಳು. ಹಳೆ ಗೋವಾದ ವಸ್ತುಸಂಗ್ರಹಾಲಯದಲ್ಲಿ ಹಡಗಿನ ಕಾಳಗವನ್ನು ಕೆತ್ತಿದ ಕಲ್ಲುಗಳೂ ಇವೆ. ಆದರೆ ವೀರಗಲ್ಲು ನೆಡುತ್ತಿದ್ದುದು ಹೋರಾಡಿ ಮಡಿದವರಿಗೆ. ಉತ್ತು ಬಿತ್ತಿ ಬದುಕಿದವರಿಗೆ ಯಾರೂ ಕಲ್ಲು ನೆಡಲಿಲ್ಲ. ಕಲ್ಲನ್ನಷ್ಟೇ ನೋಡಿದರೆ ಊರೆಲ್ಲ ಯೋಧರೇ ಎನಿಸುವುದು ಸಹಜ. ಗ್ರೀಸಿನ ಸ್ಪಾರ್ಟಾದಲ್ಲಿ ಗಂಡುಮಕ್ಕಳನ್ನು ಏಳನೆಯ ವರ್ಷಕ್ಕೇ ತರಬೇತಿಗೆ ಒಯ್ಯುತ್ತಿದ್ದರು, ಪೌರನಿಗೆ ವ್ಯಾಪಾರ ನಿಷಿದ್ಧ, ಹೊಲ ಉಳುತ್ತಿದ್ದವರು ಹೆಲಾಟ್ ಎಂಬ ಜೀತದವರು. ಆದರೆ ಕದಂಬರ ಗೋಪಕಪಟ್ಟಣ ನಿಂತಿದ್ದೇ ವ್ಯಾಪಾರದ ಮೇಲೆ. ಅದು ಬಂದರು ನಗರ. ಹಡಗುಗಳ ಸುಂಕ ಅದರ ಆದಾಯ. ಸಿಂಹಮುದ್ರೆಯ ಚಿನ್ನದ ಗದ್ಯಾಣಗಳನ್ನು ಟಂಕಿಸಿದ ರಾಜರಿಗೆ ಸಂತೆಯ ಬೆಲೆ ಗೊತ್ತಿತ್ತು.

ತಪ್ಪು ಕಲ್ಪನೆ: ಪರಧರ್ಮದವರಿಗೆ ಅಲ್ಲಿ ಜಾಗವಿರಲಿಲ್ಲ.

ಸತ್ಯ: ಕದಂಬರ ಕುಲದೈವ ಸಪ್ತಕೋಟೇಶ್ವರ. ಆ ದೇವರ ಹೆಸರು ಅವರ ನಾಣ್ಯದ ಮೇಲೇ ಇತ್ತು. ಅದೇ ಮನೆತನದ ಒಂದನೆಯ ಜಯಕೇಶಿಯ ಆಡಳಿತದಲ್ಲಿ ಅರಬ್ ಮೂಲದ ಛಡಮ ಉನ್ನತ ಅಧಿಕಾರಿಯಾಗಿದ್ದ. ಅವನು ಕಟ್ಟಿಸಿದ ಮಸೀದಿಯ ಖರ್ಚಿಗೆ ಬಂದರಿಗೆ ಬರುವ ಹಡಗುಗಳಿಂದ ಸುಂಕ ಪಡೆಯಲು ರಾಜನೇ ಶಾಸನ ಬರೆಸಿಕೊಟ್ಟ.

ತಪ್ಪು ಕಲ್ಪನೆ: ರಾಣಿಯರು ಅಂತಃಪುರಕ್ಕಷ್ಟೇ ಸೀಮಿತ.

ಸತ್ಯ: ಕಿತ್ತೂರಿನ ಸಮೀಪದ ದೇಗಾಂವಿಗೆ ಹೋಗಿ ನೋಡಿ. ಅಲ್ಲಿನ ಕಮಲನಾರಾಯಣ ದೇವಾಲಯವನ್ನು 12ನೆಯ ಶತಮಾನದಲ್ಲಿ ಕಟ್ಟಿಸಿದವಳು ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ. ಗುಡಿಯ ಹೆಸರಿನಲ್ಲಿ ಇಂದಿಗೂ ಉಳಿದಿರುವುದು ರಾಜನಲ್ಲ, ಅವಳೇ.

ತಪ್ಪು ಕಲ್ಪನೆ: ಗೋವಾದ ಗ್ರಾಮವ್ಯವಸ್ಥೆ ಪೋರ್ಚುಗೀಸರ ಕೊಡುಗೆ.

ಸತ್ಯ: ಊರಿನ ಜಮೀನನ್ನು ಗಾಂವಕಾರರು, ಅಂದರೆ ಊರಿನ ಮೂಲ ಕುಟುಂಬದವರು, ಕೂಡಿ ನೋಡಿಕೊಳ್ಳುವ ಗಾಂವಕಾರಿ ಪದ್ಧತಿ ಪೋರ್ಚುಗೀಸರಿಗಿಂತ ಹಳೆಯದು. 1526ರಲ್ಲಿ ಅವರ ಅಧಿಕಾರಿ ಅಫೊನ್ಸೊ ಮೆಶಿಯಾ ಮಾಡಿದ್ದು, ಆಗಲೇ ನಡೆದುಬಂದಿದ್ದ ಪದ್ಧತಿಗಳನ್ನು ಬರೆದಿಟ್ಟದ್ದು. ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿ, ತೂಬಿನಿಂದ ನೀರು ನಿಯಂತ್ರಿಸಿ ಭತ್ತ ಬೆಳೆಯುವ ಖಜಾನ್ ಗದ್ದೆಗಳೂ ಹಾಗೆಯೇ ಪುರಾತನ. ಒಡ್ಡು ಒಡೆದರೆ ಊರಿನ ಅನ್ನವೇ ಹೋಯಿತು. ಅದನ್ನು ಒಬ್ಬನ ಕತ್ತಿ ಉಳಿಸಲಾರದು, ಊರೆಲ್ಲ ಕೂಡಿ ಹಾಕಿದ ಮಣ್ಣು ಉಳಿಸೀತು.

14ನೆಯ ಶತಮಾನದಲ್ಲಿ ದೆಹಲಿಯ ಸೈನ್ಯಗಳ ದಾಳಿಯೊಂದಿಗೆ ಕದಂಬರ ಆಳ್ವಿಕೆ ಕೊನೆಗೊಂಡಿತು. ಗದ್ದೆಯ ಒಡ್ಡು, ಗಾಂವಕಾರಿ ಮಾತ್ರ ಆಮೇಲೆ ಬಂದ ದೊರೆಗಳನ್ನೆಲ್ಲ ದಾಟಿ ಬಂದವು. ಹಳೆ ಗೋವಾದ ಆ ವೀರಗಲ್ಲಿನ ಮುಂದೆ ನಿಂತಾಗ ಕತ್ತಿಯ ಜೊತೆಗೆ ಹಡಗಿನಲ್ಲಿ ಸಾಲಾಗಿ ಕೂತ ಹುಟ್ಟುಗಾರರನ್ನೂ ನೋಡಿ. ಹೆಸರಿಲ್ಲದ ಆ ಕೈಗಳೇ ಆ ನಾಡನ್ನು ನಡೆಸಿದ್ದು.