ಸೂಪ್ ಡಬ್ಬಿಯೂ ಕಲೆಯೇ?

ಕಾಫಿಯಾ, ಅಂದರೆ ಪ್ರಾಸ, ಇಲ್ಲದ್ದು ಶಾಯರಿಯೇ ಅಲ್ಲ ಎನ್ನುವುದು ನಮ್ಮ ಅಬ್ಬಾ ಅವರ ಮಾತು. ಆದರೆ ಬದಲಾದ ಬದುಕಿಗೆ ಹಳೆಯ ಚೌಕಟ್ಟು ಸಾಲದೆಂದು ಆಧುನಿಕತಾವಾದಿಗಳು ಅದನ್ನು ಮುರಿದರು. 1913ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಟ್ರಾವಿನ್‌ಸ್ಕಿಯ ಹೊಸ ಬ್ಯಾಲೆ ಸಂಗೀತ ಮೊಳಗಿದಾಗ ಸಭೆಯಲ್ಲಿ ಗದ್ದಲ ಎದ್ದಿತು. 1922ರಲ್ಲಿ ಎಲಿಯಟ್ ‘ದಿ ವೇಸ್ಟ್ ಲ್ಯಾಂಡ್’ ಕವಿತೆಯನ್ನು ಚೂರುಚೂರಾದ ದನಿಗಳಲ್ಲಿ ಕಟ್ಟಿದರು. ಮುರಿದರೂ ಅವರು ಹುಡುಕಿದ್ದು ಆಳದ ಸತ್ಯವನ್ನೇ.

ಆಧುನಿಕೋತ್ತರರು ‘ಸತ್ಯ ಒಂದೇ ಇದೆಯೇ?’ ಎಂದು ಆ ಹುಡುಕಾಟವನ್ನೇ ಪ್ರಶ್ನಿಸಿದರು. ಆ ದಾರಿ ತೆರೆದವರಲ್ಲಿ ಆಂಡಿ ವಾರ್ಹಾಲ್ ಒಬ್ಬರು. 1962ರಲ್ಲಿ ಅವರು ಬರೆದ 32 ಸೂಪ್ ಡಬ್ಬಿಗಳ ಚಿತ್ರಗಳು ಗ್ಯಾಲರಿಯಲ್ಲಿ ಅಂಗಡಿಯ ಸರಕಿನಂತೆ ಸಾಲಾಗಿ ನಿಂತವು. ಕಲೆ ಯಾವುದು, ಸರಕು ಯಾವುದು? ವಾಣಿಜ್ಯ ಓದುವ ನನಗೆ ಈ ಪ್ರಶ್ನೆ ತಟ್ಟಿತು.

ಇದನ್ನೆಲ್ಲ ಹೇಳಿದಾಗ ಅಬ್ಬಾ ಒಪ್ಪಲಿಲ್ಲ. ಆದರೆ, ‘ನೂನ್ ಮೀಮ್ ರಾಶಿದರ ಒಂದು ಆಜಾದ್ ನಜ್ಮ್ ಓದು, ಕೇಳೋಣ’ ಎಂದರು.