ಗಾಳಿಗೆ ಎದೆಗೊಟ್ಟು ನಿಂತ ಚಾಣ

ಆರು ಮಿಲಿಮೀಟರ್! ಹೆಚ್ಚುಕಡಿಮೆ ಒಂದು ತೊಗರಿ ಕಾಳಿನಷ್ಟು. ನೆಲದಿಂದ ಹತ್ತಿಪ್ಪತ್ತು ಮೀಟರ್ ಮೇಲೆ, ಬೀಸುವ ಗಾಳಿಯ ನಟ್ಟನಡುವೆ, ಕೊಂಬೆಯಿಲ್ಲ, ಕಂಬವಿಲ್ಲ, ತಂತಿಯಿಲ್ಲ, ರೆಕ್ಕೆ ಪಟಪಟ ಬಡಿಯುತ್ತಿದೆ, ಬಾಲ ಬಿಚ್ಚುತ್ತಿದೆ, ಮುಚ್ಚುತ್ತಿದೆ, ಇಡೀ ಮೈ ಮೇಲೆ ಕೆಳಗೆ ಓಲಾಡುತ್ತಿದೆ. ಅಷ್ಟೆಲ್ಲದರ ನಡುವೆ ತಲೆ ಮಾತ್ರ ಯಾವ ದಿಕ್ಕಿಗೂ ಆರು ಮಿಲಿಮೀಟರಿಗಿಂತ ಹೆಚ್ಚು ಕದಲುವುದಿಲ್ಲ. ನೆದರ್ಲೆಂಡ್ಸಿನ ಜಾನ್ ವಿಡೆಲರ್ ಮತ್ತು ಸಂಗಡಿಗರು ಬಯಲಲ್ಲಿ ಬೇಟೆಯಾಡುವ ಚಾಣವೆಂಬ ಹಕ್ಕಿಗಳನ್ನು ಚಿತ್ರೀಕರಿಸಿ, ಅಳೆದು, 1983ರಲ್ಲಿ ಪ್ರಕಟಿಸಿದ ಲೆಕ್ಕ ಇದು. ಪುಸ್ತಕದಲ್ಲಿ ಓದಿದರೆ ಬರೀ ಅಂಕಿ. ಗುರುಮಠಕಲ್ಲಿನ ಮಡ್ಡಿಯಲ್ಲಿ ಕತ್ತೆತ್ತಿ ನಿಂತು ಕಣ್ಣಾರೆ ಕಂಡರೆ ಮೈಮೇಲಿನ ರೋಮ ಎದ್ದು ನಿಲ್ಲುತ್ತವೆ.

ಯಾದಗಿರಿ ಜಿಲ್ಲೆಯ ಈ ಮೂಡಣ ಮೂಲೆಗೆ ಹಕ್ಕಿ ನೋಡಲೆಂದು ಯಾರೂ ಬರುವುದಿಲ್ಲ. ದುರ್ಬೀನು ಹಿಡಿದವರೆಲ್ಲ ಸುರಪುರದ ಕಡೆಗೆ, ಬೋನಾಳ ಕೆರೆಗೆ ಓಡುತ್ತಾರೆ. ಅಲ್ಲಿ ನೀರಿದೆ, ಬಾತುಗಳಿವೆ, ಫೋಟೋಗೆ ಚೆಂದ. ಶಹಾಪುರ, ಸುರಪುರದ ಎರೆ ಹೊಲಗಳನ್ನು ಹಿಂದೆ ಬಿಟ್ಟು, ಭೀಮಾ ದಾಟಿ, ಯಾದಗಿರಿಯಿಂದ ತೆಲಂಗಾಣದ ದಿಕ್ಕಿಗೆ ಬರುತ್ತಿದ್ದಂತೆ ನೆಲದ ಬಣ್ಣವೇ ಬದಲಾಗುತ್ತದೆ. ಕೆಂಪು ಮಸಾರಿ ಮಣ್ಣು, ಒಂದರ ಮೇಲೊಂದು ಪೇರಿಸಿಟ್ಟ ಗ್ರಾನೈಟ್ ಬಂಡೆಗಳು, ಕುರುಚಲು, ನಡುನಡುವೆ ತೊಗರಿ, ಶೇಂಗಾ, ಜೋಳ. ಗಡಿ ಕೂಗಳತೆಯಲ್ಲಿ, ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ಉಸಿರಿನಲ್ಲಿ ಬರುತ್ತವೆ. ಮಳೆಗಾಲದಲ್ಲಿ ನಜರಾಪುರದ ದಬದಬಿ ಜಲಪಾತಕ್ಕೂ ಚಿಂತನಹಳ್ಳಿಯ ಗವಿ ಸಿದ್ಧಲಿಂಗೇಶ್ವರಕ್ಕೂ ಜನ ಮುಗಿಬೀಳುತ್ತಾರೆ. ನೀರು ಬತ್ತಿದ ಮೇಲೆ ಈ ಗುಡ್ಡಗಳನ್ನು ಕೇಳುವವರಿಲ್ಲ. ನನ್ನ ಕೇಳಿದರೆ ತಮಾಷೆ ಶುರುವಾಗುವುದೇ ಆಗ! ತೊಗರಿ ಕಟಾವಾಗಿ ಹೊಲ ಬಯಲಾಗುತ್ತದೆ, ಹುಲ್ಲು ಒಣಗಿ ತೆಳುವಾಗುತ್ತದೆ, ಇಲಿ, ಓತಿಕ್ಯಾತ, ಮಿಡತೆಗಳಿಗೆ ಇದ್ದ ಮರೆ ಹೋಗುತ್ತದೆ. ಅದೇ ಹೊತ್ತಿಗೆ ಬಡಗಣದಿಂದ ಚಾಣಗಳು ಬಂದಿರುತ್ತವೆ.

ಬಂದದ್ದು ಮೊದಲು ಗೊತ್ತೇ ಆಗುವುದಿಲ್ಲ. ಪಾರಿವಾಳದಷ್ಟೇ ಗಾತ್ರದ, ಚೂಪು ರೆಕ್ಕೆಯ, ಉದ್ದ ಬಾಲದ ಹಕ್ಕಿಯೊಂದು ಬದುವಿನ ಗುಂಟ ಹಾರಿ ಹೋಗುತ್ತಿರುತ್ತದೆ. ಹೋಗಲಿ ಬಿಡು ಎನ್ನುವಷ್ಟರಲ್ಲಿ ಅದು ಗಕ್ಕನೆ ನಿಲ್ಲುತ್ತದೆ. ಆಕಾಶದಲ್ಲಿ! ಬಾಲ ಬೀಸಣಿಗೆಯಾಗಿ ಅರಳುತ್ತದೆ, ತುದಿಯ ಕಪ್ಪು ಪಟ್ಟಿ ಎದ್ದು ಕಾಣುತ್ತದೆ, ರೆಕ್ಕೆ ಬಡಿತ ಎಣಿಸಲಾಗದಷ್ಟು ಚುರುಕಾಗುತ್ತದೆ, ಕತ್ತು ಬಾಗಿ ಕಣ್ಣು ನೆಲಕ್ಕೆ ನೆಡುತ್ತದೆ. ಐದು ಸೆಕೆಂಡು, ಹತ್ತು ಸೆಕೆಂಡು... ನೋಡುವವರಿಗೆ ಉಸಿರು ಬಿಡಬೇಕೆಂಬುದೇ ಮರೆತು ಹೋಗುತ್ತದೆ. ಆಮೇಲೆ ಒಂದು ಪಕ್ಕಕ್ಕೆ ವಾಲಿ, ಜಾರಿ, ನಲವತ್ತು ಮಾರು ಆಚೆಗೆ ಹೋಗಿ ಮತ್ತೆ ನಿಲ್ಲುತ್ತದೆ. ಹೊಲವನ್ನು ಹೀಗೆ ಪಟ್ಟಿ ಪಟ್ಟಿಯಾಗಿ ಓದುತ್ತ ಹೋಗುತ್ತದೆ.

ನಾನು ಬಾಯಿ ತೆರೆದು ನಿಂತದ್ದನ್ನು ಕಂಡು ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದರು.

“ಏನ್ ನೋಡ್ಲತ್ತೀರಿ ಸರ?”

“ಆ ಹಕ್ಕಿ ನೋಡ್ರಿ ಕಾಕಾ, ಹೆಂಗ ನಿಂತದ!”

“ಥಂಡಿ ದಿನದಾಗ ದಿನಾ ಬರ್ತದ ಅದು. ಒಂದ್ ಲಕ್ಷ್ಯ ಕೊಟ್ಟು ನೋಡ್ರಿ, ಗಾಳಿಗಿ ಬೆನ್ನ ಕೊಡಲ್ಲ ಅದು. ಮಾರಿಗೇ ಗಾಳಿ ಬಡೀಬೇಕು ಅದಕ್ಕ.”

ಇಷ್ಟು ಹೇಳಿ ಅವರು ಕುರಿಗಳ ಹಿಂದೆ ಹೋದರು. ನಾನು ನೋಡಿದೆ. ಹೌದು! ಪ್ರತಿ ಸಲವೂ ಮೂಡಣಕ್ಕೇ ಮುಖ. ಎಲ್ಲಿಂದ ಹಾರಿ ಬಂದರೂ, ಯಾವ ಹೊಲದ ಮೇಲೆ ನಿಲ್ಲಬೇಕಾದರೂ, ನಿಲ್ಲುವ ಕೊನೆಯ ಗಳಿಗೆಯಲ್ಲಿ ಮೈ ತಿರುಗಿಸಿ ಮೂಡಗಾಳಿಗೆ ಎದೆಗೊಟ್ಟೇ ನಿಲ್ಲುತ್ತದೆ.

ಇಡೀ ಗುಟ್ಟು ಆ ಒಂದು ಮಾತಿನಲ್ಲಿದೆ. ಚಾಣ ನಿಂತಿಲ್ಲ, ಹಾರುತ್ತಿದೆ. ಮುಂದಕ್ಕೇ ಹಾರುತ್ತಿದೆ, ಬಿರುಸಾಗಿ ಹಾರುತ್ತಿದೆ! ಗಾಳಿ ಎಷ್ಟು ವೇಗದಲ್ಲಿ ಅದನ್ನು ಹಿಂದಕ್ಕೆ ತಳ್ಳುತ್ತದೋ ಸರಿಯಾಗಿ ಅಷ್ಟೇ ವೇಗದಲ್ಲಿ ಅದು ಮುಂದಕ್ಕೆ ಸಾಗುತ್ತದೆ. ಗಾಳಿಯ ಲೆಕ್ಕದಲ್ಲಿ ಅದು ಓಟದಲ್ಲಿದೆ, ನೆಲದ ಲೆಕ್ಕದಲ್ಲಿ ಒಂದೇ ಜಾಗದಲ್ಲಿದೆ. ಹೂವಿನ ಮುಂದೆ ನಿಲ್ಲುವ ಅಮೆರಿಕದ ಝೇಂಕಾರದ ಹಕ್ಕಿಗೆ ಗಾಳಿಯ ಹಂಗಿಲ್ಲ. ಕೆಲವೇ ಗ್ರಾಂ ತೂಕದ ಅದು ಬರೀ ರೆಕ್ಕೆಯ ಬಲದಿಂದ ನಿಲ್ಲಬಲ್ಲದು. ಚಾಣದ ತೂಕ 150ರಿಂದ 250 ಗ್ರಾಂ, ರೆಕ್ಕೆ ಹರಡಿದರೆ ಮುಕ್ಕಾಲು ಮೀಟರ್. ಇಷ್ಟು ದೊಡ್ಡ ಮೈಯನ್ನು ಗಾಳಿಯಿಲ್ಲದ ಕಡೆ ನಿಲ್ಲಿಸಿಕೊಳ್ಳುವುದು ವಿಪರೀತ ದುಬಾರಿ. ಆದ್ದರಿಂದ ಗಾಳಿಯನ್ನೇ ಕೂಲಿಗೆ ಹಚ್ಚುತ್ತದೆ. ಗಾಳಿ ಸಣ್ಣದಿದ್ದರೆ ಬಡಿತ ಹೆಚ್ಚು, ಗಾಳಿ ಬಲವಾದರೆ ಬಡಿತ ಕಡಿಮೆ. ಇನ್ನು ಗುಡ್ಡದ ಮೂಡಣ ಮಗ್ಗುಲಿಗೆ ಬನ್ನಿ! ಬಯಲಿನ ಗಾಳಿ ಬಂಡೆಗೆ ಬಡಿದು ಮೇಲಕ್ಕೆ ಏರುವ ಆ ಅಂಚಿನಲ್ಲಿ ಚಾಣ ಕೆಲವೊಮ್ಮೆ ರೆಕ್ಕೆಯನ್ನೇ ಬಡಿಯುವುದಿಲ್ಲ. ಚಾಚಿದ ರೆಕ್ಕೆ ಚಾಚಿದಂತೆ, ತುದಿಯ ಗರಿಗಳಷ್ಟೇ ಅದುರುತ್ತ, ಸುಮ್ಮನೆ ತೂಗಿಕೊಂಡಿರುತ್ತದೆ.

ಆದರೆ ಗಾಳಿ ಒಂದೇ ಸಮನೆ ಬೀಸುವುದುಂಟೆ? ಬಂಡೆಗಳ ಸಂದಿಯಿಂದ ಬರುವ ಗಾಳಿಯಂತೂ ಗಳಿಗೆಗೊಂದು ರೀತಿ, ಒಮ್ಮೆ ನೂಕುತ್ತದೆ, ಒಮ್ಮೆ ಕೈಬಿಡುತ್ತದೆ. ವಿಡೆಲರ್ ಬಳಗ ಕಂಡ ಸೋಜಿಗ ಇಲ್ಲಿದೆ: ಚಾಣ ರೆಕ್ಕೆ ಬಡಿಯುವುದನ್ನು ಕ್ಷಣಕಾಲ ನಿಲ್ಲಿಸಿ ಸುಮ್ಮನೆ ತೇಲುತ್ತದೆ. ಆಗ ಮೈ ಹಿಂದಕ್ಕೆ ಜಾರುತ್ತದೆ, ಕತ್ತು ಉದ್ದವಾಗುತ್ತದೆ, ತಲೆ ಇದ್ದಲ್ಲೇ ಇರುತ್ತದೆ. ಮತ್ತೆ ನಾಲ್ಕು ಸಲ ರೆಕ್ಕೆ ಬಡಿದು ಮೈಯನ್ನು ತಲೆಯ ಹತ್ತಿರಕ್ಕೆ ತಂದುಕೊಳ್ಳುತ್ತದೆ. ಬಿಡುವು ಸಿಕ್ಕಷ್ಟೂ ಶಕ್ತಿ ಉಳಿತಾಯ. ಇದರಲ್ಲಿ ಕತ್ತಿನ ಕೆಲಸ ಎಷ್ಟೆಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹಿತ್ತಲಿನ ಕೋಳಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ, ಆಚೆ ಈಚೆ ಸರಿಸಿ ನೋಡಿ. ಮೈ ಹೋದಲ್ಲಿಗೆ ತಲೆ ಹೋಗುವುದಿಲ್ಲ. ಹಕ್ಕಿಗಳಿಗೆ ನಮ್ಮಂತೆ ಕಣ್ಣುಗುಡ್ಡೆ ಹೊರಳಿಸುವ ಅನುಕೂಲ ಕಡಿಮೆ, ನೋಟ ನಿಲ್ಲಬೇಕೆಂದರೆ ತಲೆಯೇ ನಿಲ್ಲಬೇಕು. ಕೋಳಿಗೂ ಚಾಣಕ್ಕೂ ಅದು ಒಂದೇ ವಿದ್ಯೆ. ಕೋಳಿ ಅದನ್ನು ತಿಪ್ಪೆಯ ಮೇಲೆ ಬಳಸುತ್ತದೆ, ಚಾಣ ಆಕಾಶದಲ್ಲಿ!

2024ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನ ಆರ್‌ಎಂಐಟಿ ಮತ್ತು ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಆಸ್ಟ್ರೇಲಿಯಾದ ನ್ಯಾನ್‌ಕೀನ್ ಚಾಣಗಳನ್ನು ಗಾಳಿಸುರಂಗದಲ್ಲಿ ಹಾರಿಸಿ, ಗರಿಗಳಿಗೆ ಗುರುತು ಹಚ್ಚಿ, ಕ್ಯಾಮೆರಾಗಳಿಂದ ಪ್ರತಿ ಚಲನೆಯನ್ನೂ ಹಿಡಿದರು. ತಲೆಯ ಅಲುಗಾಟ ಐದು ಮಿಲಿಮೀಟರಿಗಿಂತಲೂ ಕಡಿಮೆ! ಗಾಳಿಯ ಕುಲುಕಾಟವನ್ನು ಅವು ತಡೆದುಕೊಳ್ಳುತ್ತಿದ್ದದ್ದು ಮುಖ್ಯವಾಗಿ ರೆಕ್ಕೆ ಮತ್ತು ಬಾಲದ ಹರವನ್ನು ಕ್ಷಣಕ್ಷಣಕ್ಕೂ ಹಿಗ್ಗಿಸಿ ಕುಗ್ಗಿಸಿ. ಗಾಳಿಗೆ ತತ್ತರಿಸುವ ಡ್ರೋನುಗಳಿಗೆ ಇದನ್ನು ಕಲಿಸುವ ಆಸೆ ಆ ಎಂಜಿನಿಯರುಗಳದ್ದು. ಕಲಿಸಲಿ. ನಮ್ಮ ಮಡ್ಡಿಯ ಮೇಲೆ ಅದರ ಪಾಠ ದಿನಾ ಪುಕ್ಕಟೆಯಾಗಿ ನಡೆಯುತ್ತಿದೆ.

ಇಷ್ಟೆಲ್ಲ ಹರಸಾಹಸ ಒಂದು ಮಿಡತೆಗಾಗಿ, ಒಂದು ಓತಿಕ್ಯಾತಕ್ಕಾಗಿ, ಅದೃಷ್ಟವಿದ್ದರೆ ಒಂದು ಇಲಿಗಾಗಿ. ಬೇಟೆ ಕಣ್ಣಿಗೆ ಬಿತ್ತೆನ್ನಿ, ತಕ್ಷಣ ಎರಗುವುದಿಲ್ಲ. ಮೆಟ್ಟಿಲಿಳಿಯುತ್ತದೆ. ಎರಡಾಳು ಕೆಳಗೆ ಜಾರಿ ಮತ್ತೆ ನಿಲ್ಲುತ್ತದೆ, ನೋಡುತ್ತದೆ. ಇನ್ನೊಂದು ಮೆಟ್ಟಿಲು, ಇನ್ನೊಂದು ನಿಲುಗಡೆ. ಅನುಮಾನ ಬಂದರೆ ಬಿಟ್ಟು ಹಾರಿಬಿಡುತ್ತದೆ. ಖಾತ್ರಿಯಾದರೆ ಮಾತ್ರ ಕೊನೆಯ ಜಿಗಿತ: ರೆಕ್ಕೆ ಮೇಲಕ್ಕೆ ಮಡಚಿ, ಕಾಲು ಮುಂದೆ ಚಾಚಿ, ನೇರ ಹುಲ್ಲಿನೊಳಕ್ಕೆ! ಒಂದು ಗಳಿಗೆ ಏನೂ ಕಾಣದು. ಎದ್ದು ಬಂದಾಗ ಬಹಳ ಸಲ ಕಾಲು ಬರಿದು. ಸಿಕ್ಕಿದರೆ ಹತ್ತಿರದ ಬಂಡೆಯ ನೆತ್ತಿಗೆ ಒಯ್ದು ಊಟ.

ಅಷ್ಟೆತ್ತರದಿಂದ ಮಣ್ಣಿನ ಬಣ್ಣದ್ದೇ ಆದ ಓತಿಕ್ಯಾತ ಅದಕ್ಕೆ ಹೇಗೆ ಕಾಣುತ್ತದೆ? ಗಿಡುಗಗಳ ಹಾಗೆ ಚಾಣಕ್ಕೂ ಒಂದೊಂದು ಕಣ್ಣಿನಲ್ಲಿ ಎರಡೆರಡು ತೀಕ್ಷ್ಣ ನೋಟದ ಬಿಂದುಗಳಿವೆ, ನಮಗಿರುವುದು ಒಂದೇ. ಅದಕ್ಕಿಂತ ದೊಡ್ಡ ಕಥೆ ಹುಟ್ಟಿದ್ದು ಫಿನ್ಲೆಂಡಿನಲ್ಲಿ. ಅಲ್ಲಿನ ವೋಲ್ ಎಂಬ ಹುಲ್ಲುಗಾವಲಿನ ಇಲಿಗಳು ಓಡಾಡುವ ದಾರಿಯುದ್ದಕ್ಕೂ ಮೂತ್ರ ಚಿಮುಕಿಸುತ್ತವೆ. ಆ ಮೂತ್ರ ನೇರಳಾತೀತ ಬೆಳಕಿನಲ್ಲಿ ಎದ್ದು ಕಾಣುತ್ತದೆ, ಚಾಣ ಆ ಬೆಳಕನ್ನೇ ನೋಡಿ ಇಲಿಗಳಿರುವ ಹೊಲವನ್ನು ಪತ್ತೆ ಹಚ್ಚುತ್ತದೆ ಎಂದು 1995ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಜಗತ್ತು ಬೆರಗಾಯಿತು, ಹಕ್ಕಿ ಪುಸ್ತಕಗಳಲ್ಲೆಲ್ಲ ಸೇರಿಕೊಂಡಿತು. 2013ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಚಾಣದ ಕಣ್ಣನ್ನೇ ಪರೀಕ್ಷಿಸಿ ನೋಡಿದರೆ, ನೇರಳಾತೀತ ಕಿರಣದ ಬಹುಪಾಲನ್ನು ಆ ಕಣ್ಣು ಒಳಗೆ ಬಿಡುವುದೇ ಇಲ್ಲ! ಮೂತ್ರದ ಗುರುತೂ ಸುತ್ತಲಿನ ನೆಲದಿಂದ ಅಷ್ಟೇನೂ ಬೇರೆಯಾಗಿ ಕಾಣದು. ನನಗೇನೋ ಈ ಎರಡನೆಯ ಸುದ್ದಿಯೇ ಹೆಚ್ಚು ರೋಮಾಂಚನ ತಂದಿತು. ಮಾಯಾಬೆಳಕಿನ ನೆರವಿಲ್ಲದೆ, ಬರಿಗಣ್ಣಿನಿಂದ, ಅಲುಗದ ತಲೆಯಿಂದ ಇಷ್ಟು ಮಾಡುತ್ತದೆ ಎಂದಾಯಿತಲ್ಲ!

ಅದರ ನೆನಪಿನ ಶಕ್ತಿ ಇನ್ನೊಂದು ಅಚ್ಚರಿ. ನಿನ್ನೆ ಯಾವ ಹೊಲದಲ್ಲಿ, ಯಾವ ಹೊತ್ತಿಗೆ ಬೇಟೆ ಸಿಕ್ಕಿತ್ತೋ ಇವತ್ತು ಅದೇ ಹೊತ್ತಿಗೆ ಅದೇ ಹೊಲಕ್ಕೆ ಚಾಣಗಳು ಮರಳುತ್ತವೆ ಎಂದು ಡಚ್ ಸಂಶೋಧಕರು 1981ರಲ್ಲೇ ತೋರಿಸಿದ್ದರು. ಹಗಲಲ್ಲಿ ಹೆಚ್ಚಾದದ್ದನ್ನು ಬಚ್ಚಿಟ್ಟು ಕತ್ತಲಾಗುವ ಮುಂಚೆ ಬಂದು ತಿನ್ನುತ್ತವೆ. ಹೊಟ್ಟೆ ಭಾರವಾದರೆ ನಿಂತು ಹಾರುವುದು ಕಷ್ಟ, ಹೀಗಾಗಿ ಹೊಟ್ಟೆತುಂಬ ಊಟ ಸಂಜೆಗೆ.

ಹದ್ದು, ಗಿಡುಗಗಳ ಸಂಬಂಧಿಯೆಂದುಕೊಂಡೇ ನಾವೆಲ್ಲ ಚಾಣವನ್ನು ನೋಡುತ್ತ ಬಂದಿದ್ದೇವೆ. 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಡಿಎನ್ಎ ಅಧ್ಯಯನ ಅದನ್ನೂ ತಲೆಕೆಳಗು ಮಾಡಿತು. ಚಾಣದ ಹತ್ತಿರದ ಬಳಗ ಹದ್ದಲ್ಲ, ಗಿಳಿ! ಗಿಳಿ ಮತ್ತು ಗುಬ್ಬಚ್ಚಿ ಜಾತಿಯ ಹಾಡುಹಕ್ಕಿಗಳು. ತೊಗರಿ ಹೊಲದಿಂದ ಕಿರುಚುತ್ತ ಎದ್ದ ಗಿಳಿ ಹಿಂಡನ್ನು ಅದೇ ಹೊಲದ ಮೇಲೆ ನಿಂತ ಚಾಣದ ದಾಯಾದಿಗಳೆಂದು ಈಗ ಕಲ್ಪಿಸಿಕೊಳ್ಳಬೇಕು.

ಈ ನೆಲಕ್ಕೆ ಬೇಟೆಹಕ್ಕಿಗಳ ಹುಚ್ಚು ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಗಿಡುಗ ಬಿಟ್ಟು ಬೇಟೆಯಾಡುವ ಶ್ಯೇನ ವಿನೋದವೂ ಒಂದು. ಗುರುಮಠಕಲ್ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲಕ್ಕೆ, 1931-32ರಲ್ಲಿ, ಪಕ್ಷಿತಜ್ಞ ಸಲೀಂ ಅಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಮುಂದೆ ಒಂದೊಂದು ಪ್ರಾಂತದಲ್ಲೂ ಅವರು ಮಾಡಿದ ಸಮೀಕ್ಷೆಗಳಿಗೆ ಇಲ್ಲಿಂದಲೇ ದಾರಿ ಬಿದ್ದದ್ದು. ಪಶ್ಚಿಮ ಘಟ್ಟ, ನೀಲಗಿರಿಗಳಲ್ಲಿ ವರ್ಷವಿಡೀ ಇರುವ, ಮೈಬಣ್ಣ ಗಾಢವಾದ ಚಾಣಗಳುಂಟು. ನಮ್ಮ ಬಯಲಿಗೆ ಬರುವವು ಚಳಿಗಾಲದ ಅತಿಥಿಗಳು, ಬೇಸಿಗೆ ಬಲಿಯುತ್ತಿದ್ದಂತೆ ಬಡಗಣಕ್ಕೆ ಹೊರಟುಬಿಡುತ್ತವೆ.

ನೋಡಬೇಕೆನ್ನುವವರು ನವೆಂಬರಿನಿಂದ ಫೆಬ್ರುವರಿಯೊಳಗೆ ಬನ್ನಿ. ನಸುಕಿನಲ್ಲಿ ಬರುವ ಆತುರ ಬೇಡ, ಗಾಳಿ ಏಳದೆ ಅದು ನಿಲ್ಲುವುದಿಲ್ಲ. ಒಂಬತ್ತು ಹತ್ತರ ಹೊತ್ತಿಗೆ ಸೂರ್ಯನಿಗೆ ಬೆನ್ನು ಮಾಡಿ ಹಕ್ಕಿಯ ಮೂಡಣಕ್ಕೆ ನಿಲ್ಲಿ. ಮುಖಕ್ಕೆ ಬಿಸಿಲು ಬಿದ್ದು ಕಣ್ಣ ಕೆಳಗಿನ ಮೀಸೆಯಂಥ ಕಪ್ಪು ಗೆರೆ, ಕಣ್ಣಿನ ಸುತ್ತಲ ಹಳದಿ ಉಂಗುರ ಕಾಣುತ್ತವೆ. ಮೂರು ಗಂಟೆಯ ಮೇಲಾದರೆ ಪಡುವಣಕ್ಕೆ ಬನ್ನಿ, ಬೆನ್ನಿನ ಇಟ್ಟಿಗೆ ಕೆಂಪು ಹೊಳೆಯುತ್ತದೆ. ತಲೆ, ಬಾಲ ಬೂದಿಯಾಗಿದ್ದರೆ ಗಂಡು, ಮೈತುಂಬ ಕಂದು ಪಟ್ಟೆಗಳಿದ್ದರೆ ಹೆಣ್ಣು. ಹೆಣ್ಣೇ ಒಂದಿಷ್ಟು ದೊಡ್ಡದು. ಮೈಯೆಲ್ಲ ಬೂದಿ ಬಿಳುಪಾಗಿ, ಕಣ್ಣು ಕೆಂಡದಂತಿದ್ದು, ಭುಜ ಕಪ್ಪಾಗಿದ್ದರೆ ಅದು ಕಪ್ಪುರೆಕ್ಕೆಯ ಹದ್ದು. ಅದೂ ಗಾಳಿಯಲ್ಲಿ ನಿಲ್ಲುತ್ತದೆ, ನೋಡದೆ ಹೋಗಬೇಡಿ! ಇನ್ನು ಹಿಂದಿರುಗುವಾಗ ಯಾವುದಾದರೂ ಕೆರೆಯ ಏರಿಯ ಮೇಲೆ ಎರಡು ನಿಮಿಷ ನಿಂತರೆ, ಕಪ್ಪು ಬಿಳಿ ಮಿಂಚುಳ್ಳಿ ಅದೇ ವಿದ್ಯೆಯನ್ನು ನೀರಿನ ಮೇಲೆ ಮಾಡಿ ತೋರಿಸಿದರೂ ತೋರಿಸೀತು.