ನಿಷ್ಪ್ರತೀಕಾರ ರೋಗವಿಚಾರ: ಕರುಳಿನ ಅರ್ಬುದದ ಚಿಕಿತ್ಸೆಯಲ್ಲಿ ದೇಶಭೇದ

ಗಂಗವಂಶದ ಇಮ್ಮಡಿ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಕ್ರಿ. ಶ. 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನ ವ್ರತದಿಂದ ದೇಹವಿಟ್ಟನೆಂದು ಶ್ರವಣಬೆಳಗೊಳದ ಶಾಸನದಿಂದ ತಿಳಿದುಬರುವದು. ಇಂಥ ವ್ರತಕ್ಕೆ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳೆಂಬ ನಿಮಿತ್ತಗಳನ್ನು ಎಣಿಸಿದ ಸಮಂತಭದ್ರಾಚಾರ್ಯರು ಅವುಗಳಿಗೆ 'ನಿಷ್ಪ್ರತೀಕಾರ' ಎಂಬ ವಿಶೇಷಣವನ್ನು ಸೇರಿಸಿರುವರು. ರೋಗವೊಂದು ನಿಷ್ಪ್ರತೀಕಾರವೆಂದು ನಿರ್ಣಯಿಸುವದು ಯಾವ ಪ್ರಮಾಣದಿಂದ? ಈ ಪ್ರಶ್ನೆಯು ಧರ್ಮಶಾಸ್ತ್ರಕ್ಕೆ ಎಷ್ಟು ಸಂಬಂಧಪಟ್ಟದ್ದೋ ವೈದ್ಯಶಾಸ್ತ್ರಕ್ಕೂ ಅಷ್ಟೇ ಸಂಬಂಧಪಟ್ಟದ್ದಾಗಿದೆ.

ಆಯುರ್ವೇದವು ರೋಗಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸುವದು. ಯಾಪ್ಯವೆಂದರೆ ಮೂಲಸಹಿತ ಹೋಗದಿದ್ದರೂ ಚಿಕಿತ್ಸೆ ನಡೆದಿರುವವರೆಗೆ ರೋಗಿಯು ಬಾಳಬಲ್ಲಂಥ ವ್ಯಾಧಿ. ದೊಡ್ಡ ಕರುಳಿನ ಅಥವಾ ಗುದನಾಳದ ಅರ್ಬುದವು, ಎಂದರೆ ಕ್ಯಾನ್ಸರು, ಯಕೃತ್ತು, ಶ್ವಾಸಕೋಶ ಮೊದಲಾದ ಅಂಗಗಳಿಗೆ ಹಬ್ಬಿದಾಗ ಅದನ್ನು ನಾಲ್ಕನೆಯ ಹಂತವೆನ್ನುವರು. ಚಿಕಿತ್ಸೆಯಿಲ್ಲದಿದ್ದರೆ ಇಂಥ ರೋಗಿಗಳಲ್ಲಿ ಅರ್ಧದಷ್ಟು ಜನರು ಆರೇಳು ತಿಂಗಳಲ್ಲಿ ತೀರಿಕೊಳ್ಳುತ್ತಿದ್ದರು. 1957ರಲ್ಲಿ ಅಮೇರಿಕದಲ್ಲಿ ಸಿದ್ಧವಾದ ಫ್ಲೂರೊಯುರಾಸಿಲ್ ಎಂಬ ಔಷಧಿಯು ಈ ಅವಧಿಯನ್ನು ಒಂದು ವರ್ಷದ ಸಮೀಪಕ್ಕೆ ಒಯ್ದಿತು. ಮುಂದೆ ಆಕ್ಸಾಲಿಪ್ಲಾಟಿನ್, ಇರಿನೊಟಿಕಾನ್‌ಗಳೂ 2004ರಿಂದ ಪ್ರತಿಕಾಯ ಔಷಧಿಗಳೂ ಸೇರಿದ ಮೇಲೆ ಪ್ರಯೋಗಗಳಲ್ಲಿ ಅದು ಎರಡು ವರ್ಷಗಳನ್ನು ಮೀರಿತು. ಯಕೃತ್ತಿನಲ್ಲಿ ಮಾತ್ರ ಕೆಲವು ಗಂಟುಗಳಿದ್ದು ಅವನ್ನು ಕೊಯ್ದು ತೆಗೆಯಲು ಶಕ್ಯವಾದ ರೋಗಿಗಳಲ್ಲಿ ಸುಮಾರು ಶೇಕಡಾ 40 ಜನರು ಐದು ವರ್ಷ ಬದುಕುವದುಂಟು. ಹೀಗೆ ಅಸಾಧ್ಯವೆನಿಸಿದ್ದ ವ್ಯಾಧಿಯು ಬಹುಮಟ್ಟಿಗೆ ಯಾಪ್ಯವೂ, ಅಲ್ಪಾಂಶದಲ್ಲಿ ಕೃಚ್ಛ್ರಸಾಧ್ಯವೂ ಆಯಿತು.

ಆದರೆ ಈ ಗೆರೆಯು ಎಲ್ಲ ದೇಶಗಳಲ್ಲಿ ಒಂದೇ ಎಡೆಯಲ್ಲಿಲ್ಲ. 71 ದೇಶಗಳ ದಾಖಲೆಗಳನ್ನು ಕೂಡಿಸಿ 2018ರಲ್ಲಿ ಪ್ರಕಟವಾದ 'ಕಾಂಕರ್ಡ್' ಸಂಶೋಧನೆಯಂತೆ, 2010-14ರಲ್ಲಿ ದೊಡ್ಡ ಕರುಳಿನ ಅರ್ಬುದವು ಗೊತ್ತಾದವರಲ್ಲಿ ಐದು ವರ್ಷ ಬದುಕಿದವರ ಪ್ರಮಾಣವು ಕೊರಿಯಾ, ಇಸ್ರೇಲ್, ಆಸ್ಟ್ರೇಲಿಯಾಗಳಲ್ಲಿ ಶೇಕಡಾ 70ರ ಆಚೀಚೆ, ಬ್ರಿಟನ್ನಿನಲ್ಲಿ 60ರ ಸುಮಾರು, ಭಾರತದ ಕೆಲವು ನೋಂದಣಿಗಳಲ್ಲಿ 40ರ ಸುಮಾರು. ಇವು ಎಲ್ಲ ಹಂತಗಳನ್ನೂ ಕೂಡಿಸಿದ ಅಂಕಗಳಾದ್ದರಿಂದ ರೋಗಿಯು ತಡವಾಗಿ ಬಂದದ್ದರ ಫಲವೆಷ್ಟು, ಬಂದ ಮೇಲೆ ಚಿಕಿತ್ಸೆಯು ಸಾಲದಾದದ್ದರ ಫಲವೆಷ್ಟು ಎಂಬುದು ಇವುಗಳಿಂದ ತಿಳಿಯದು.

ಈ ವಿವೇಚನೆಗೆ 2019ರಲ್ಲಿ ಪ್ರಕಟವಾದ ಇನ್ನೊಂದು ಶೋಧನೆಯು ಸಹಾಯಕವಾಗಿದೆ. ಡೆನ್ಮಾರ್ಕ್, ಇಂಗ್ಲಂಡ, ನಾರ್ವೆ, ಸ್ವೀಡನ್ ಈ ನಾಲ್ಕು ದೇಶಗಳ 2010-12ರ ರೋಗಿಗಳನ್ನು ಹಂತಾನುಸಾರವಾಗಿ ಹೋಲಿಸಿದಾಗ ಇಂಗ್ಲಂಡದವರ ಆಯುಷ್ಯವು ನಾರ್ವೆ, ಸ್ವೀಡನ್‌ಗಳವರದಕ್ಕಿಂತ ಕಡಿಮೆಯಾಗಿ ಕಂಡುಬಂದಿತು. ವೃದ್ಧರಿಗೂ ರೋಗವು ಹಬ್ಬಿದವರಿಗೂ ಅಲ್ಲಿ ಶಸ್ತ್ರಕ್ರಿಯೆಯು ನಡೆದದ್ದೂ ಕಡಿಮೆ. ಔಷಧಜ್ಞಾನವು ನಾಲ್ಕೂ ದೇಶಗಳಲ್ಲಿ ಸಮಾನವೇ. ಭೇದವಿರುವದು ಯಾರನ್ನು ಚಿಕಿತ್ಸಾರ್ಹರೆಂದು ಎಣಿಸುವರೆಂಬುದರಲ್ಲಿ. ಆದರೂ ಶಸ್ತ್ರಕ್ಕೆ ಆರಿಸಲ್ಪಟ್ಟವರು ಮೊದಲೇ ಬಲವಂತರಾಗಿರುವದರಿಂದ, ಅವರ ದೀರ್ಘಾಯುಷ್ಯಕ್ಕೆಲ್ಲ ಶಸ್ತ್ರವೇ ಕಾರಣವೆಂದು ಊಹಿಸುವದು ಸಲ್ಲದು.

ಇನ್ನು ಬಂಕಾಪುರದಂಥ ಊರಿನ ಸ್ಥಿತಿಯನ್ನು ನೋಡಬೇಕು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ಬಗೆದು ತಿಂಗಳುಗಟ್ಟಲೆ ಮನೆಮದ್ದು ಮಾಡುವದು ನಮ್ಮ ನಾಡಿನಲ್ಲಿ ಸಾಮಾನ್ಯ. ಅರ್ಬುದವೆಂದು ಗೊತ್ತಾದ ಬಳಿಕ ಹುಬ್ಬಳ್ಳಿಯ ನವನಗರದ ಕ್ಯಾನ್ಸರ ಆಸ್ಪತ್ರೆಗಾಗಲಿ, 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಗಾಗಲಿ ಎರಡು ಮೂರು ವಾರಗಳಿಗೊಮ್ಮೆ ಹೋಗಬೇಕು, ಜತೆಗೊಬ್ಬರು ಬೇಕು, ಇಬ್ಬರ ಕೂಲಿಯೂ ತಪ್ಪುವದು. ಯಾಪ್ಯರೋಗದ ಚಿಕಿತ್ಸೆಯು ನಡುವೆ ನಿಂತರೆ ಅದು ಅಸಾಧ್ಯವೇ ಆಗುವದು.

ದ್ರವ್ಯಸಹಾಯದಿಂದ ಎಷ್ಟು ಅಂತರವಾಗುವದೆಂಬುದಕ್ಕೆ ಕರ್ನಾಟಕದಲ್ಲಿಯೇ ಪ್ರಮಾಣವಿದೆ. ವಾಜಪೇಯಿ ಆರೋಗ್ಯಶ್ರೀ ಯೋಜನೆಯು 2010ರಲ್ಲಿ ಉತ್ತರದ ಜಿಲ್ಲೆಗಳಿಗೆ ಮೊದಲು ಬಂದಿತು. ದಕ್ಷಿಣಕ್ಕೆ ತಡವಾಗಿ ಹಬ್ಬಿತು. ಈ ಗಡಿಯ ಎರಡೂ ಮಗ್ಗುಲಿನ 572 ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬೆಳಕಿಗೆ ಬಂದ ಪರೀಕ್ಷಣೆಯಲ್ಲಿ, ಯೋಜನೆಗೊಳಪಟ್ಟ ರೋಗಗಳಿಂದ, ಎಂದರೆ ಮುಖ್ಯವಾಗಿ ಹೃದ್ರೋಗ ಮತ್ತು ಅರ್ಬುದಗಳಿಂದ, ಬಡಕುಟುಂಬಗಳಲ್ಲಿ ಆದ ಮರಣವು ಯೋಜನೆಯಿದ್ದಲ್ಲಿ ಶೇಕಡಾ 0.32, ಇಲ್ಲದಲ್ಲಿ 0.90 ಎಂದು ಕಂಡುಬಂದಿತು. ಇದು ಕರುಳಿನ ಅರ್ಬುದವೊಂದರ ಲೆಕ್ಕವಲ್ಲ. ಆದರೆ ಒಂದೇ ಭಾಷೆ, ಒಂದೇ ಆಹಾರಗಳುಳ್ಳ ಜನರಲ್ಲಿಯೂ ಆಯುಷ್ಯಭೇದವು ಹುಟ್ಟಬಹುದೆಂಬುದು ಇದರಿಂದ ಸ್ಪಷ್ಟವಾಗುವದು. ಆ ಯೋಜನೆಯು 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಯಿತು.

ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಚರಕನು ಹೇಳಿರುವನು. ವ್ಯಾಧಿಯನ್ನು ನಿಷ್ಪ್ರತೀಕಾರವೆಂದು ಕೈಬಿಡುವ ಮುನ್ನ, ಇವುಗಳಲ್ಲಿ ಯಾವ ಪಾದವು ಕುಂಟಿತೆಂಬುದನ್ನು ವಿಚಾರಿಸತಕ್ಕದ್ದು. ದೇಶದೇಶಗಳ ಅಂಕಗಳನ್ನು ಹೋಲಿಸುವದರ ಪ್ರಯೋಜನವೂ ಇದೇ. ವ್ಯಾಧಿಯ ಬಲದಿಂದ ಬಂದ ಮರಣ ಬೇರೆ, ಪಾದವೈಕಲ್ಯದಿಂದ ಬಂದ ಮರಣ ಬೇರೆ, ಎರಡನೆಯದಕ್ಕೆ ಪ್ರತೀಕಾರವುಂಟು.